ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಪಿನ್‌ಬಾಲ್ ಯಂತ್ರಕ್ಕೆ ಬಿಡಿಭಾಗ ಹುಡುಕುವ ಬಗೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು. ಹೀಗಾಗಿ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪಿನ್‌ಬಾಲ್ ಯಂತ್ರವನ್ನು ಕಂಡಿರದ ಓದುಗರಿಗಾಗಿ ಮೊದಲು ಎರಡು ಮಾತು. ಕಾಲುಗಳ ಮೇಲೆ ನಿಂತ ಓರೆಯಾದ ಮರದ ಪೆಟ್ಟಿಗೆ, ಅದರೊಳಗೆ ಬಣ್ಣ ಬಳಿದ ಆಟದ ಹಲಗೆ, ಮೇಲೆ ಗಾಜು. ಸುಮಾರು 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಗುಂಡು ಆ ಹಲಗೆಯ ಮೇಲೆ ಉರುಳುತ್ತಾ ಬರುತ್ತದೆ, ಆಟಗಾರನು ಪೆಟ್ಟಿಗೆಯ ಎರಡೂ ಪಕ್ಕದ ಗುಂಡಿಗಳನ್ನು ಒತ್ತಿ 'ಫ್ಲಿಪ್ಪರ್' ಎಂಬ ಪುಟ್ಟ ಕೈಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತಾನೆ. ಅಮೆರಿಕದ ಶಿಕಾಗೋ ನಗರವೇ ಈ ಯಂತ್ರಗಳ ತವರು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಶಿಕಾಗೋ ಕಾಯಿನ್ ಇವೆಲ್ಲ ಅಲ್ಲಿಯ ಕಾರ್ಖಾನೆಗಳು. ಇಂದು ನಾವು ಕಾಣುವ ಫ್ಲಿಪ್ಪರ್ ಮೊದಲು ಬಂದದ್ದು 1947ರಲ್ಲಿ, ಗಾಟ್ಲೀಬ್ ಕಾರ್ಖಾನೆಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ.

ಪ್ರಶ್ನೆ: ಮಾನ್ಯರೇ, ಶಿಕಾಗೋ ಸಮೀಪದಲ್ಲಿ ನೆಲೆಸಿರುವ ನಾನು ನೆರೆಮನೆಯವರ ನೆಲಮಾಳಿಗೆಯಲ್ಲಿ ಬಹುಕಾಲ ಬಿದ್ದಿದ್ದ, 1972ರ ಬ್ಯಾಲಿ 'ಫೈರ್‌ಬಾಲ್' ಯಂತ್ರವನ್ನು ಕೊಂಡಿದ್ದೇನೆ. ಎಡಗಡೆಯ ಫ್ಲಿಪ್ಪರ್‌ಗೆ ಬಲವೇ ಇಲ್ಲ. ಹಲಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಗಳಲ್ಲಿ ಮೂರು ಒಡೆದಿವೆ. ಕಾರ್ಖಾನೆಯೇ ಇಲ್ಲದ ಮೇಲೆ ಬಿಡಿಭಾಗ ಎಲ್ಲಿಂದ ಬರಬೇಕು ಎಂದು ಸ್ನೇಹಿತರು ಕೇಳುತ್ತಾರೆ. ಭಾಗಗಳಿಗಾಗಿಯೇ ಕೆಟ್ಟುಹೋದ ಇನ್ನೊಂದು ಫೈರ್‌ಬಾಲ್ ಕೊಳ್ಳಬೇಕೇ?
— ಒಬ್ಬ ಓದುಗರು, ಇಲಿನಾಯ್

ಉತ್ತರ: ಇನ್ನೊಂದು ಯಂತ್ರವನ್ನು ಈಗಲೇ ಕೊಳ್ಳಬೇಡಿ. ಬ್ಯಾಲಿಯ ಪಿನ್‌ಬಾಲ್ ವಿಭಾಗ 1988ರಲ್ಲಿ ವಿಲಿಯಮ್ಸ್ ಕೈಸೇರಿತು, ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿತು, ಗಾಟ್ಲೀಬ್ ಅದಕ್ಕೂ ಮೊದಲೇ 1996ರಲ್ಲಿ ಬಾಗಿಲು ಹಾಕಿತ್ತು. ಇಷ್ಟು ನಿಜ. ಆದರೆ ಕಾರ್ಖಾನೆ ನಿಂತಿತೆಂದು ಬಿಡಿಭಾಗಗಳ ತಯಾರಿಕೆ ನಿಂತಿಲ್ಲ. ಪರವಾನಗಿ ಪಡೆದು ಹಳೆಯ ಅಳತೆಗೇ ಹೊಸ ಭಾಗಗಳನ್ನು ಮಾಡಿಸುವವರೂ, ಹಳೆಯ ಗೋದಾಮುಗಳ ದಾಸ್ತಾನನ್ನು ಕೊಂಡಿಟ್ಟವರೂ ಅಮೆರಿಕದಲ್ಲಿ ಹಲವರಿದ್ದಾರೆ. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿಯಲ್ಲಿರುವ 'ದಿ ಪಿನ್‌ಬಾಲ್ ರಿಸೋರ್ಸ್' ನಿಮ್ಮದರಂಥ ರಿಲೇ ಕಾಲದ (ಎಲೆಕ್ಟ್ರಾನಿಕ್ ಬೋರ್ಡು ಬರುವ ಮೊದಲಿನ, ವಿದ್ಯುತ್ತಿನಿಂದ ತೆರೆದು ಮುಚ್ಚುವ ರಿಲೇ ಸ್ವಿಚ್ಚುಗಳಿಂದ ನಡೆಯುವ) ಯಂತ್ರಗಳ ಭಾಗಗಳಿಗೆ ಹೆಸರಾಗಿದೆ. ದಕ್ಷಿಣ ಕ್ಯಾರೊಲಿನಾದ 'ಮಾರ್ಕೊ ಸ್ಪೆಷಾಲ್ಟೀಸ್' ಎಲ್ಲ ಕಾಲದ ಯಂತ್ರಗಳಿಗೂ ಭಾಗಗಳನ್ನು ಮಾರುತ್ತದೆ.

ನಿಜವಾದ ಕಷ್ಟ ಇರುವುದು ಅಂಗಡಿ ಹುಡುಕುವುದರಲ್ಲಲ್ಲ, ಬೇಕಾದ ಭಾಗ ಯಾವುದೆಂದು ಗುರುತಿಸುವುದರಲ್ಲಿ. 'ಫೈರ್‌ಬಾಲ್‌ನ ಭಾಗ ಬೇಕು' ಎಂದು ಕೇಳಿದರೆ ಮೋಸಹೋಗುತ್ತೀರಿ. ಬ್ಯಾಲಿ ಅದೇ ಹೆಸರಿನಲ್ಲಿ 1976ರಲ್ಲಿ ಮನೆಬಳಕೆಯ ಬೇರೊಂದು ಯಂತ್ರವನ್ನೂ, 1981ರಲ್ಲಿ 'ಫೈರ್‌ಬಾಲ್ II' ಎಂಬುದನ್ನೂ, 1985ರಲ್ಲಿ 'ಫೈರ್‌ಬಾಲ್ ಕ್ಲಾಸಿಕ್' ಎಂಬುದನ್ನೂ ಹೊರತಂದಿತು. ಮಾರುವವರು ಬರೀ ಹೆಸರನ್ನು ಬರೆದಿರುತ್ತಾರೆ, ಕೊಳ್ಳುವವರು ಬರೀ ಹೆಸರನ್ನು ನೋಡಿ ಹಣ ಕಳುಹಿಸುತ್ತಾರೆ, ಪೊಟ್ಟಣ ಬಿಚ್ಚಿದಾಗ ಒಂದು ತೂತೂ ಹೊಂದುವುದಿಲ್ಲ. ಆದ್ದರಿಂದ ಭಾಗವನ್ನು ಯಂತ್ರದ ಹೆಸರಿನಿಂದ ಹುಡುಕದೆ, ಆ ಭಾಗದ ಮೇಲೆಯೇ ಇರುವ ಸಂಖ್ಯೆಯಿಂದ ಹುಡುಕಬೇಕು. ಸಂಖ್ಯೆ ಅಳಿಸಿದ್ದರೆ ಯಂತ್ರದ ಕೈಪಿಡಿ ಮತ್ತು ವಿದ್ಯುತ್ ನಕ್ಷೆಯಲ್ಲಿ ಅದು ಸಿಗುತ್ತದೆ. ನಕ್ಷೆ ನಿಮ್ಮ ಪೆಟ್ಟಿಗೆಯ ತಳದಲ್ಲಿ ಇಲ್ಲವಾದರೆ ಮೊದಲು ಕೊಳ್ಳಬೇಕಾದ ಬಿಡಿಭಾಗ ಆ ಕಾಗದವೇ.

ಈಗ ಫ್ಲಿಪ್ಪರ್ ವಿಷಯ. ಬಲವಿಲ್ಲದ ಫ್ಲಿಪ್ಪರ್‌ಗೆ ಹೊಸ ಕಾಯಿಲ್ (ಕರೆಂಟು ಹರಿದಾಗ ಅಯಸ್ಕಾಂತವಾಗಿ ಕೈಯನ್ನು ಎಳೆಯುವ ತಂತಿಯ ಸುರುಳಿ) ತರಿಸುವುದು ಹೊಸಬರೆಲ್ಲ ಮಾಡುವ ತಪ್ಪು. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತುಗಳಿರುತ್ತವೆ: ದಪ್ಪ ತಂತಿಯ ಸುತ್ತು ಹೊಡೆತಕ್ಕೆ, ತೆಳು ತಂತಿಯ ಸುತ್ತು ಎತ್ತಿದ ಕೈಯನ್ನು ಹಿಡಿದು ನಿಲ್ಲಿಸುವುದಕ್ಕೆ. ಕೈ ಮೇಲೇಳುವವರೆಗೆ ಒಂದು ಪುಟ್ಟ ಪಟ್ಟಿ ಸ್ವಿಚ್ಚು ತೆಳು ಸುತ್ತನ್ನು ಬದಿಗಿರಿಸಿ ಕರೆಂಟನ್ನು ದಪ್ಪ ಸುತ್ತಿನಲ್ಲಿ ಮಾತ್ರ ಹರಿಸುತ್ತದೆ. ಕೈ ತುದಿ ಮುಟ್ಟಿದೊಡನೆ ಆ ಸ್ವಿಚ್ಚು ತೆರೆದುಕೊಂಡು ಎರಡೂ ಸುತ್ತುಗಳು ಒಂದರ ಹಿಂದೊಂದು ಸೇರುತ್ತವೆ, ಕರೆಂಟು ಇಳಿಯುತ್ತದೆ. ಈ ಸ್ವಿಚ್ಚಿನ ತುದಿ ಕಪ್ಪುಗಟ್ಟಿದ್ದರೆ ಮೊದಲಿಂದಲೇ ತೆಳು ಸುತ್ತಿನ ಮೂಲಕ ಕರೆಂಟು ಹೋಗಿ ಫ್ಲಿಪ್ಪರ್ ಸೋತಂತೆ ಆಡುತ್ತದೆ. ಅದು ತೆರೆಯದೇ ಉಳಿದರೆ ಕಾಯಿಲ್ ಸುಟ್ಟೇ ಹೋಗುತ್ತದೆ. ಪೆಟ್ಟಿಗೆಯ ಪಕ್ಕದ ಗುಂಡಿಯ ಹಿಂದಿನ ಸ್ವಿಚ್ಚನ್ನೂ ಹೀಗೆಯೇ ನೋಡಿ. ಫ್ಲಿಪ್ಪರ್‌ನ ಈ ಸ್ವಿಚ್ಚುಗಳ ತುದಿ ಟಂಗ್‌ಸ್ಟನ್‌ದ್ದು, ಅದನ್ನು ಸಣ್ಣ ಅರದಿಂದ ಉಜ್ಜಬಹುದು. ಉಳಿದ ಸ್ವಿಚ್ಚುಗಳ ತುದಿ ಬೆಳ್ಳಿಯದು; ಅದಕ್ಕೆ ಅರ ತಾಗಿಸಬೇಡಿ, ಗಟ್ಟಿ ಕಾಗದದ ಚೂರನ್ನು ನಡುವೆ ಇಟ್ಟು ಎಳೆದರೆ ಸಾಕು.

ಇಷ್ಟಾದ ಮೇಲೂ ಬಲ ಬಾರದಿದ್ದರೆ ಕಾಯಿಲ್ ಒಳಗಿನ ಕೊಳವೆಯನ್ನು ಹೊರತೆಗೆದು ನೋಡಿ. ಅದು ಸವೆದು ಒಳಗಿನ ಕಬ್ಬಿಣದ ಗೂಟ ತಿಕ್ಕಾಡುತ್ತಿರಬಹುದು, ಗೂಟದ ತಲೆ ಬಡಿದು ಬಡಿದು ಅಣಬೆಯ ಹಾಗೆ ಅರಳಿರಬಹುದು, ಕೈಗೆ ಜೋಡಿಸುವ ಕೊಂಡಿಯ ತೂತು ಅಗಲವಾಗಿರಬಹುದು. ಇವು ಮೂರೂ ಅಗ್ಗದ ಭಾಗಗಳು ಮತ್ತು ಮೂರೂ ಹೊಸದಾಗಿ ಸಿಗುತ್ತವೆ. ದಯವಿಟ್ಟು ಎಣ್ಣೆ ಮಾತ್ರ ಹಾಕಬೇಡಿ. ಕಾಯಿಲ್‌ನ ಬಿಸಿಗೆ ಎಣ್ಣೆ ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ.

ನಿಮ್ಮ ಯಂತ್ರಕ್ಕೇ ವಿಶಿಷ್ಟವಾದ ಭಾಗಗಳ ಮಾತು ಬೇರೆ. ಫೈರ್‌ಬಾಲ್‌ನ ಎರಡು ಫ್ಲಿಪ್ಪರ್‌ಗಳು ಕೆಲವೊಮ್ಮೆ ಜಿಪ್ಪಿನಂತೆ ಒಂದಕ್ಕೊಂದು ಸೇರಿ, ಗುಂಡು ನಡುವಿನಿಂದ ಜಾರದಂತೆ ತಡೆಯುತ್ತವೆ. ಬ್ಯಾಲಿ ಈ ಏರ್ಪಾಡನ್ನು 1966ರ 'ಬಜಾರ್' ಯಂತ್ರದಿಂದ ಆರಂಭಿಸಿ ಹಲವು ಯಂತ್ರಗಳಲ್ಲಿ ಬಳಸಿತು. ಆದ್ದರಿಂದ ಅದರ ಸನ್ನೆಕೋಲುಗಳಿಗಾಗಿ ಫೈರ್‌ಬಾಲ್‌ನ್ನೇ ಹುಡುಕಬೇಕಾಗಿಲ್ಲ. ಅದೇ ಕಾಲದ, ಹಲಗೆ ಹಾಳಾಗಿ ಆಟಕ್ಕೆ ಬಾರದ ಬೇರೊಂದು ಬ್ಯಾಲಿ ಯಂತ್ರ ಕಡಿಮೆ ಬೆಲೆಗೆ ಸಿಕ್ಕರೆ ಅದೇ ನಿಮಗೆ ಹೆಚ್ಚು ಉಪಯೋಗ. ರಿಲೇಗಳು, ಅಂಕದ ಚಕ್ರಗಳು, ಪೆಟ್ಟಿಗೆಯ ತಳದಲ್ಲಿ ತಿರುಗುವ ಅಂಕದ ಮೋಟಾರು ಇವುಗಳ ಭಾಗಗಳಿಗೂ ಇದೇ ಮಾತು. ನಡುಹಲಗೆಯಲ್ಲಿ ತಿರುಗುವ ತಟ್ಟೆ, ಪ್ಲಾಸ್ಟಿಕ್ ಹೊದಿಕೆ, ಹಿಂಬದಿಯ ಪೆಟ್ಟಿಗೆಯ ಚಿತ್ರದ ಗಾಜು ಇವು ಮಾತ್ರ ಆ ಯಂತ್ರದವೇ ಆಗಬೇಕು. ಫೈರ್‌ಬಾಲ್ ತಯಾರಾದದ್ದು 4,000ಕ್ಕಿಂತ ಕಡಿಮೆ, ಆದರೆ ಅದನ್ನು ಪ್ರೀತಿಸುವವರು ಬಹಳ. ಹೀಗಾಗಿ ಮರುತಯಾರಿಕೆಯ ಭಾಗಗಳು ಆಗಾಗ ಬರುತ್ತವೆ, ಬೇಗ ಮುಗಿಯುತ್ತವೆ. ಕಂಡಾಗ ಕೊಂಡಿಡಿ.

ಒಡೆದ ಮೂರು ಹೊದಿಕೆಗಳ ಒಂದು ಚೂರನ್ನೂ ಎಸೆಯಬೇಡಿ. ನಾನು ಮೊದಲ ಯಂತ್ರವನ್ನು ಬಿಚ್ಚಿದಾಗ ಚೂರುಗಳನ್ನು ಕಸವೆಂದು ಗುಡಿಸಿ ಹಾಕಿದೆ. ಆಮೇಲೆ ಅದರ ಅಂಚು ಎಲ್ಲಿ ಬಾಗಿತ್ತು, ತಿರುಪಿನ ತೂತು ಎಲ್ಲಿತ್ತು ಎಂಬುದು ತಿಳಿಯದೆ, ಅದೇ ಯಂತ್ರವಿದ್ದ ಇನ್ನೊಬ್ಬರು ಅಳತೆ ತೆಗೆದು ಕಳುಹಿಸುವವರೆಗೆ ಎರಡು ವರ್ಷ ಕಾಯ್ದೆ. ಚೂರುಗಳನ್ನು ಜೋಡಿಸಿ ಸ್ಕ್ಯಾನ್ ಮಾಡಿಟ್ಟುಕೊಂಡರೆ, ಏನೂ ಸಿಗದಿದ್ದ ಪಕ್ಷದಲ್ಲಿ ಅದನ್ನೇ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ಪ್ಲಾಸ್ಟಿಕ್ ಹಲಗೆಗೆ ಅಂಟಿಸಿಕೊಳ್ಳಬಹುದು.

ಪ್ರಶ್ನೆ: ನನ್ನ ಬಳಿ 1980ರ ಸುಮಾರಿನ, ಅಂಕೆಗಳು ಹೊಳೆಯುವ ಬ್ಯಾಲಿ ಯಂತ್ರವಿದೆ. ಹಿಂದಿನ ಪೆಟ್ಟಿಗೆ ತೆರೆದಾಗ ಮುಖ್ಯ ಬೋರ್ಡಿನ ಮೂಲೆಯಲ್ಲಿ ಹಸಿರು ಪುಡಿ ಕಂಡಿತು. ಯಂತ್ರ ಚಾಲೂ ಆಗುತ್ತಿಲ್ಲ. ಬೋರ್ಡನ್ನು ರಿಪೇರಿ ಮಾಡಿಸಲೇ, ಹೊಸದನ್ನು ಕೊಳ್ಳಲೇ?
— ಒಬ್ಬ ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಆ ಹಸಿರು ಪುಡಿ ಬ್ಯಾಟರಿ ಸೋರಿದ ಗುರುತು. ಯಂತ್ರ ಆರಿಸಿದಾಗಲೂ ಅಂಕಗಳು ನೆನಪಿನಲ್ಲಿರಲಿ ಎಂದು ಬೋರ್ಡಿನ ಮೇಲೆಯೇ ಮರುಚಾರ್ಜ್ ಆಗುವ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು. ಅದು ಸೋರಿದಾಗ ಕ್ಷಾರ ತಾಮ್ರದ ಗೆರೆಗಳನ್ನೂ, ಚಿಪ್ಪುಗಳ ಕಾಲುಗಳನ್ನೂ, ತಂತಿ ಸಿಕ್ಕಿಸುವ ಪಿನ್ನುಗಳನ್ನೂ ತಿನ್ನುತ್ತಾ ಹೋಗುತ್ತದೆ. ಮೊದಲು ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ, ಉಳಿದುದೆಲ್ಲ ಆಮೇಲೆ. ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಆ ಜಾಗವನ್ನು ಒರೆಸಿ, ಶುದ್ಧ ನೀರಿನಿಂದ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಲು ಬಿಡಿ.

ಕೊಳೆತ ಭಾಗ ಒಂದು ಮೂಲೆಗೆ ಸೀಮಿತವಾಗಿದ್ದರೆ ರಿಪೇರಿ ಮಾಡಿಸಿ. ಚಿಪ್ಪಿನ ಸಾಕೆಟ್ಟುಗಳ ಅಡಿಗೂ ಹರಿದಿದ್ದರೆ ಹೊಸ ಬೋರ್ಡು ಕೊಳ್ಳುವುದೇ ಲೇಸು. ನಿಮ್ಮ ಕಾಲದ ಬ್ಯಾಲಿ ಯಂತ್ರಗಳಿಗೆ ಹೊಂದುವ ಹೊಸ ಬೋರ್ಡುಗಳು ತಯಾರಾಗುತ್ತಿವೆ. ಅವುಗಳಲ್ಲಿ ಬ್ಯಾಟರಿಯೇ ಬೇಡದ ನೆನಪಿನ ಚಿಪ್ಪು ಇರುತ್ತದೆ. ಇನ್ನೊಂದು ಅನುಕೂಲವೂ ನಿಮಗಿದೆ: ಸ್ಟರ್ನ್ ಎಂಬ ಇನ್ನೊಂದು ಪಿನ್‌ಬಾಲ್ ಕಂಪನಿಯ ಆ ಕಾಲದ ಯಂತ್ರಗಳ ಮುಖ್ಯ ಬೋರ್ಡು ಬ್ಯಾಲಿಯದಕ್ಕೆ ಬಹುಮಟ್ಟಿಗೆ ಅವಳಿಯಂತಿದೆ. ಆದ್ದರಿಂದ ಹಳೆಯ ಬೋರ್ಡು ಹುಡುಕುವಾಗ ಎರಡೂ ಕಂಪನಿಗಳ ಪಟ್ಟಿ ನೋಡಿ. ಆದರೆ ಆಟದ ಚಿಪ್ಪುಗಳೂ ಅವಕ್ಕೆ ತಕ್ಕಂತೆ ಬೋರ್ಡಿನ ಎರಡು ಬಿಂದುಗಳನ್ನು ಜೋಡಿಸುವ ಜಂಪರ್ ತಂತಿಗಳೂ ನಿಮ್ಮ ಯಂತ್ರದವೇ ಆಗಿರಬೇಕು. ಗಾಟ್ಲೀಬ್‌ನ ಅದೇ ಕಾಲದ ಯಂತ್ರ ಕೊಂಡವರಿಗೆ ಈ ಅದೃಷ್ಟವಿಲ್ಲ. ಅದರಲ್ಲಿದ್ದ ರಾಕ್‌ವೆಲ್ ಚಿಪ್ಪುಗಳ ತಯಾರಿಕೆ ನಿಂತು ಬಹುಕಾಲವಾಯಿತು, ಆ ಚಿಪ್ಪು ಸತ್ತರೆ ಇಡೀ ಬೋರ್ಡನ್ನೇ ಹೊಸ ವಿನ್ಯಾಸದ್ದಕ್ಕೆ ಬದಲಿಸಬೇಕು.

ಹೊಸ ಬೋರ್ಡು ಬಂತೆಂದು ಹಳೆಯ ಕನೆಕ್ಟರನ್ನು ಹಾಗೆಯೇ ಸಿಕ್ಕಿಸಬೇಡಿ. ಕ್ಷಾರ ತಂತಿಯ ಕಡೆಗೂ ಏರಿರುತ್ತದೆ. ಪಿನ್ನುಗಳನ್ನೂ, ಅವನ್ನು ಹಿಡಿಯುವ ತಂತಿಯ ತುದಿಗಳನ್ನೂ ಒಟ್ಟಿಗೆ ಬದಲಿಸಿದರೆ ಮಾತ್ರ ಕೆಲಸ ಪೂರ್ತಿಯಾಗುತ್ತದೆ. ಮತ್ತೊಂದು ಎಚ್ಚರಿಕೆ: ಅಂಕೆಗಳನ್ನು ಹೊಳೆಯಿಸುವ ಗಾಜಿನ ಫಲಕಗಳಿಗೆ ಸುಮಾರು 170ರಿಂದ 190 ವೋಲ್ಟ್ ನೇರ ವಿದ್ಯುತ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಹೊತ್ತು ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಆ ಫಲಕ ಮಂಕಾಗಿದ್ದರೆ ಕಡಿಮೆ ವೋಲ್ಟಿನ ಎಲ್‌ಇಡಿ ಫಲಕಗಳು ಸಿಗುತ್ತವೆ. ಕಿತ್ತಳೆ ಬಣ್ಣದ ಹಳೆಯ ಹೊಳಪು ನನಗೆ ಇಂದಿಗೂ ಹೆಚ್ಚು ಇಷ್ಟ, ಆದರೆ ಮಕ್ಕಳಿರುವ ಮನೆಗೆ ಎಲ್‌ಇಡಿಯನ್ನೇ ಹೇಳುತ್ತೇನೆ.

ಪ್ರಶ್ನೆ: ಅಮೆರಿಕದಿಂದ ಮರಳಿ ಬರುತ್ತಿರುವ ನನ್ನ ಅಣ್ಣ ಮನೆಸಾಮಾನಿನ ಜೊತೆ ಒಂದು ಹಳೆಯ ಪಿನ್‌ಬಾಲ್ ಯಂತ್ರವನ್ನೂ ಹಡಗಿನಲ್ಲಿ ಕಳುಹಿಸಿದ್ದಾರೆ. ಅದರಲ್ಲಿ ಒಂದು ಕಾಯಿಲ್ ಸುಟ್ಟಿದೆಯಂತೆ, ಗಾಜು ದಾರಿಯಲ್ಲಿ ಒಡೆದಿದೆ. ಇಲ್ಲಿ ಬಿಡಿಭಾಗಗಳು ಸಿಗುವುದು ಸಾಧ್ಯವೇ?
— ಒಬ್ಬ ಓದುಗರು, ಜಯನಗರ, ಬೆಂಗಳೂರು

ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಇಲ್ಲೇ ಸಿಗುತ್ತದೆ. ಆದರೆ ಅಳತೆಯ ಭಾಷೆ ಬೇರೆಯಾಗಿರುವುದರಿಂದ ಎಡವುವ ಸ್ಥಳಗಳಿವೆ.

ಸುಟ್ಟ ಕಾಯಿಲನ್ನು ನಮ್ಮ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ಚೆನ್ನಾಗಿಯೇ ಮತ್ತೆ ಸುತ್ತಿಕೊಡಬಲ್ಲರು. ಕಾಯಿಲ್ ಮೇಲಿನ ಕಾಗದದಲ್ಲಿ ಎಇ-23-800 ಎಂಬಂಥ ಗುರುತಿದ್ದರೆ, 23 ಎಂಬುದು ತಂತಿಯ ಗೇಜು (ದಪ್ಪದ ಸಂಖ್ಯೆ), 800 ಎಂಬುದು ಸುತ್ತುಗಳ ಎಣಿಕೆ. ಆ ಗೇಜು ಅಮೆರಿಕದ ಲೆಕ್ಕದ್ದು, ನಮ್ಮ ವೈಂಡಿಂಗ್ ಅಂಗಡಿಗಳ ಗೇಜು ಬ್ರಿಟಿಷ್ ಲೆಕ್ಕದ್ದು. ಅಮೆರಿಕದ 23ರ ತಂತಿಯ ವ್ಯಾಸ 0.57 ಮಿಲಿಮೀಟರ್, ಇಲ್ಲಿ 23 ಎಂದು ಕೇಳಿದರೆ 0.61 ಮಿಲಿಮೀಟರ್ ತಂತಿ ಕೊಡುತ್ತಾರೆ. ಆ ದಪ್ಪ ತಂತಿಯಲ್ಲಿ 800 ಸುತ್ತು ಹಳೆಯ ಉರುಳೆಯೊಳಗೆ ಹಿಡಿಸುವುದೂ ಕಷ್ಟ, ಹಿಡಿಸಿದರೂ ರೋಧ ಸುಮಾರು ಶೇಕಡಾ 10ರಷ್ಟು ಇಳಿದು ಕರೆಂಟು ಹೆಚ್ಚು ಎಳೆಯುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು ಇಲ್ಲಿಯ 24 ಗೇಜು, ಅಂದರೆ 0.56 ಮಿಲಿಮೀಟರ್. ಸಂಖ್ಯೆ ಸುಟ್ಟು ಹೋಗಿದ್ದರೆ ಹಳೆಯ ತಂತಿಯನ್ನು ಬಿಚ್ಚುತ್ತಾ ಸುತ್ತುಗಳನ್ನು ಎಣಿಸಿ, ತಂತಿಯ ಮೇಲಿನ ವಾರ್ನಿಷ್ ಕೆರೆದು ಮೈಕ್ರೋಮೀಟರ್‌ನಿಂದ ಅಳೆಯಲು ಹೇಳಿ. ಒಳ್ಳೆಯ ವೈಂಡಿಂಗ್‌ನವರು ಹೇಳದೆಯೂ ಹಾಗೆಯೇ ಮಾಡುತ್ತಾರೆ.

ಹೊಸ ಕಾಯಿಲ್ ಕೂರಿಸುವ ಮೊದಲು ಅದು ಏಕೆ ಸುಟ್ಟಿತು ಎಂದು ನೋಡಿ. ಅಂಟಿಕೊಂಡ ಸ್ವಿಚ್ಚೋ, ಕೆಟ್ಟ ಟ್ರಾನ್ಸಿಸ್ಟರೋ ಕಾರಣವಾಗಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಯಂತ್ರ ಎಲೆಕ್ಟ್ರಾನಿಕ್ ಬೋರ್ಡಿನದಾದರೆ ಕಾಯಿಲ್‌ನ ಎರಡು ತುದಿಗಳ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ 1ಎನ್4004 ಎಂದು ಕೇಳಿದರೆ ಸಿಗುವುದು ಅದೇ. ಪಟ್ಟಿ ಇರುವ ತುದಿ ಧನ ತಂತಿಯ ಕಡೆಗೆ ಇರಬೇಕು. ಯಂತ್ರ ರಿಲೇ ಕಾಲದ್ದಾಗಿ ಕಾಯಿಲ್‌ಗೆ ಎಸಿ ಕರೆಂಟು ಬರುತ್ತಿದ್ದರೆ ಡಯೋಡ್ ಹಾಕಲೇಬಾರದು, ಹಾಕಿದರೆ ಫ್ಯೂಸ್ ಹಾರುತ್ತದೆ. ಹಾರಿದ ಫ್ಯೂಸಿಗೆ ಬದಲಾಗಿ ಹೆಚ್ಚು ಆಂಪಿಯರಿನದನ್ನು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಇಲ್ಲಿ ಅದನ್ನು ಮಾಡಿದರೆ ಸುಡುವುದು ತಂತಿಯ ಕಂತೆ, ಅದಕ್ಕೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.

ಗಾಜಿನ ಸಾಮಾನ್ಯ ಅಳತೆ 21 ಇಂಚು ಅಗಲ, 43 ಇಂಚು ಉದ್ದ, 3/16 ಇಂಚು ದಪ್ಪ. ಯಂತ್ರವನ್ನು ಅಳೆದು ಖಚಿತಪಡಿಸಿಕೊಂಡು, ಟಫನ್ಡ್ ಗಾಜು ಮಾಡುವವರಲ್ಲಿ ಕೇಳಿ. 5 ಮಿಲಿಮೀಟರ್ ಗಾಜು ಬಹುತೇಕ ಹಿಡಿಸುತ್ತದೆಯಾದರೂ ಪಕ್ಕದ ಕಾಡಿಯಲ್ಲಿ ಒಂದು ಚೂರು ಜಾರಿಸಿ ನೋಡುವುದು ಒಳ್ಳೆಯದು, ಏಕೆಂದರೆ ಟಫನ್ ಆದ ಮೇಲೆ ಗಾಜನ್ನು ಕತ್ತರಿಸಲಾಗದು. ಉಕ್ಕಿನ ಗುಂಡು 1 1/16 ಇಂಚಿನ ಬೇರಿಂಗ್ ಗುಂಡಿನ ಅಳತೆಯದೇ, ಬೇರಿಂಗ್ ಅಂಗಡಿಯಲ್ಲಿ ವಿಚಾರಿಸಿ. ಹಳೆಯ ಗುಂಡಿನ ಮೇಲೆ ಉಗುರಿಗೆ ತಾಗುವಷ್ಟು ಗೀರು ಇದ್ದರೆ ಅದನ್ನು ಬಳಸಬೇಡಿ, ಹಲಗೆಯ ಬಣ್ಣವನ್ನು ಅದು ಮರಳು ಕಾಗದದಂತೆ ತಿನ್ನುತ್ತದೆ. ತಿರುಪುಗಳೆಲ್ಲ ಇಂಚಿನ ಲೆಕ್ಕದವು. ಕಾಲುಗಳ ಬೋಲ್ಟು 3/8 ಇಂಚಿನದು, ಇಂಚಿಗೆ 16 ಸುತ್ತು. ಅದಕ್ಕೆ 10 ಎಂಎಂ ಬೋಲ್ಟನ್ನು ಒತ್ತಿ ತಿರುಗಿಸಿದರೆ ತಿರುಪಿನ ಸುತ್ತುಗಳು ಹಾಳಾಗುತ್ತವೆ.

ರಬ್ಬರ್ ಉಂಗುರಗಳು, ಕಾಯಿಲ್ ಕೊಳವೆಗಳು, ಫ್ಲಿಪ್ಪರ್ ಭಾಗಗಳು ಇವನ್ನು ಮಾತ್ರ ಅಮೆರಿಕದಿಂದ ತರಿಸಿ. ಹಗುರವಾದವು, ಯಾರಾದರೂ ಬರುವಾಗ ಕೈಚೀಲದಲ್ಲಿ ತರಬಹುದು. ಒಂದು ಯಂತ್ರಕ್ಕೆ ಬೇಕಾದ ಎಲ್ಲ ಅಳತೆಯ ರಬ್ಬರ್‌ಗಳನ್ನೂ ಒಟ್ಟು ಮಾಡಿ ಮಾರುವ ಕಟ್ಟು ಸಿಗುತ್ತದೆ.

ಇನ್ನು ವಿದ್ಯುತ್ತು. ಅಲ್ಲಿಯದು ಸುಮಾರು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಯಂತ್ರದ ಟ್ರಾನ್ಸ್‌ಫಾರ್ಮರ್‌ನಲ್ಲಿ 230 ವೋಲ್ಟಿಗೆ ಜೋಡಿಸುವ ಅವಕಾಶವಿದೆಯೇ ಎಂದು ಕೈಪಿಡಿಯಲ್ಲಿ ನೋಡಿ, ಇಲ್ಲವಾದರೆ 500 ವಿಎಗೆ (ವೋಲ್ಟ್-ಆಂಪಿಯರ್) ಕಡಿಮೆಯಿಲ್ಲದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅದು ವೋಲ್ಟನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಆದ್ದರಿಂದ ಯಂತ್ರದ ಒಳಗಿನ ಟ್ರಾನ್ಸ್‌ಫಾರ್ಮರ್ ಕೊಂಚ ಹೆಚ್ಚು ಬಿಸಿಯಾಗುತ್ತದೆ, ರಿಲೇ ಕಾಲದ ಯಂತ್ರವಾದರೆ ಅಂಕದ ಮೋಟಾರು ನಿಧಾನವಾಗುತ್ತದೆ. ಗಂಟೆಗಟ್ಟಲೆ ಚಾಲೂ ಬಿಡಬೇಡಿ. ಹಳೆಯ ಎರಡು ಪಿನ್ನಿನ ವೈರು ಇದ್ದರೆ ತೆಗೆದು, ಅರ್ಥಿಂಗ್ ಇರುವ ಮೂರು ಪಿನ್ನಿನದನ್ನು ಹಾಕಿಸಿ. ಪೆಟ್ಟಿಗೆಯ ಮುಂಬಾಗಿಲು, ಅಂಚುಪಟ್ಟಿ, ಕಾಲುಗಳೆಲ್ಲ ಲೋಹದವು, ಆಡುವವರು ಅವನ್ನು ಹಿಡಿದೇ ನಿಲ್ಲುತ್ತಾರೆ.

ಪ್ರಶ್ನೆ: ನನ್ನ ಯಂತ್ರದ ಹಿಂಬದಿಯ ಚಿತ್ರದ ಗಾಜಿನಿಂದ ಬಣ್ಣ ಹಕ್ಕಳೆಯಾಗಿ ಉದುರುತ್ತಿದೆ. ಹೊಸ ಗಾಜು ತರಿಸಿದರೆ ಯಂತ್ರದ ಹಳೆತನ ಹೋಗುತ್ತದೆ ಎಂದು ಪತಿ ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ಓದುಗರು, ನ್ಯೂಜೆರ್ಸಿ

ಉತ್ತರ: ಹಳೆಯ ಗಾಜನ್ನು ಉಳಿಸಿಕೊಳ್ಳಬೇಕೆಂಬ ನಿಮ್ಮ ಯಜಮಾನರ ಮಾತಿಗೆ ನನ್ನ ಒಪ್ಪಿಗೆಯಿದೆ, ಅದು ನಿಲ್ಲುವ ಸ್ಥಿತಿಯಲ್ಲಿದ್ದರೆ. ಚಿತ್ರವನ್ನು ಗಾಜಿನ ಹಿಂಬದಿಗೆ ಬಣ್ಣದ ಮೇಲೆ ಬಣ್ಣವಾಗಿ ಅಚ್ಚು ಹಾಕಿರುತ್ತಾರೆ. ಹಿಂದಿನ ಬಲ್ಬುಗಳ ಬಿಸಿ, ಮಳೆಗಾಲ ಚಳಿಗಾಲಗಳ ತೇವ ಇವುಗಳಿಂದ ಅದು ಗಾಜನ್ನು ಬಿಡುತ್ತದೆ. ಬಣ್ಣದ ಬದಿಯನ್ನು ಬಟ್ಟೆಯಿಂದ ಒರೆಸಬೇಡಿ, ನೀರು ಸೋಕಿಸಬೇಡಿ. ಗಾಜನ್ನು ಬಣ್ಣ ಮೇಲಾಗಿ ಮಲಗಿಸಿ, ಪಾರದರ್ಶಕ ಲೇಪವನ್ನು ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಸಿಂಪಡಿಸಿದರೆ ಉಳಿದಿರುವುದು ಉಳಿಯುತ್ತದೆ. ಒಮ್ಮೆ ಲೇಪ ಬಿದ್ದ ಮೇಲೆ ಹಿಂತೆಗೆಯಲಾಗದು. ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಬಲ್ಬುಗಳನ್ನೂ ಬದಲಿಸಿ. ನಿಮ್ಮಲ್ಲಿ 44 ಎಂಬ ಸಂಖ್ಯೆಯ ಬಲ್ಬುಗಳಿದ್ದರೆ ಅವು 6.3 ವೋಲ್ಟಿನಲ್ಲಿ 0.25 ಆಂಪಿಯರ್ ಎಳೆಯುತ್ತವೆ. ಅದೇ ಹೋಲ್ಡರಿಗೆ ಕೂರುವ 47ನೇ ಸಂಖ್ಯೆಯವು 0.15 ಆಂಪಿಯರ್ ಮಾತ್ರ ಎಳೆಯುವುದರಿಂದ ಬಿಸಿ ಬಹಳ ಕಡಿಮೆ, ಬೆಳಕು ಅಷ್ಟೇನೂ ಕುಗ್ಗುವುದಿಲ್ಲ.

ಮುಖ, ಅಕ್ಷರ ಮೊದಲಾದ ಮುಖ್ಯ ಜಾಗಗಳಲ್ಲೇ ಬಣ್ಣ ಹೋಗಿದ್ದರೆ ಮರುಮುದ್ರಿತ ಗಾಜು ತರಿಸುವುದರಲ್ಲಿ ತಪ್ಪೇನೂ ಇಲ್ಲ. ಕೊಳ್ಳುವ ಮೊದಲು ಅದು ಹಳೆಯದರಂತೆ ಗಾಜಿನ ಮೇಲೇ ಅಚ್ಚಾದದ್ದೋ, ಹಾಳೆಯ ಮೇಲೆ ಮುದ್ರಿಸಿ ಅಂಟಿಸಿದ್ದೋ ಎಂದು ಕೇಳಿ. ಹಿಂದಿನಿಂದ ಬೆಳಕು ಬಿದ್ದಾಗ ಎರಡರ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಹಳೆಯ ಗಾಜನ್ನು ಮಾತ್ರ ಯಾರಿಗೂ ಕೊಡಬೇಡಿ. ಬಣ್ಣದ ಬದಿಗೆ ಯಾವುದೂ ಒತ್ತದಂತೆ ಚೌಕಟ್ಟಿಗೆ ಹಾಕಿ, ಮನೆಯೊಳಗೆ, ತೇವವಿಲ್ಲದ ಗೋಡೆಗೆ ನಿಲ್ಲಿಸಿಡಿ.